ಬೈಸ್ಕೊಳ್ಳೋರ ತಾಳ

ಮೊದಲು ಮಾದಪ್ಪನ ಮೇಲೆ ಆಣೆ ಇಡು. ಈ ಮಾತು ನಿನ್ನ ಕಿವೀಲಿ ಬಿದ್ದು ಅಲ್ಲೇ ಸಾಯ್ಬೇಕು. ನಿನ್ನ ಗಂಡನಿಗೂ ಹೇಳಕೂಡದು. ಅವನ ಹೊಟ್ಟೇಲಿ ಅನ್ನ ನಿಲ್ತದೆ, ಮಾತು ನಿಲ್ಲಕಿಲ್ಲ.

ಇಟ್ಯಾ? ಸರಿ, ಕೇಳು.

ಹೊಳೆ ದಂಡೇಲಿ ಒಂದು ಹಳೇ ಪಂಪ್‌ಹೌಸ್ ಐತೆ. ಬಾಗಿಲು ಕಿತ್ತೋಗಿ, ಒಳಗೆಲ್ಲ ಪಾರಿವಾಳದ ಹಿಕ್ಕೆ. ನಮ್ಮ ಬೀದಿಯೋರು ಅದಕ್ಕೆ ಆಶ್ರಮ ಅಂತ ಹೆಸರಿಟ್ಟವ್ರೆ. ಅಲ್ಲಿರೋರು ಚನ್ನಂಜಯ್ಯ. ಜಡೆ ಬಿಟ್ಟವ್ರೆ, ಆದ್ರೆ ಸಾಮಿಗಳಲ್ಲ. ಮಂತ್ರ ಹೇಳಕಿಲ್ಲ. ಹುಡುಗ್ರು ಹುಡುಗೀರಿಗೆ ರ‍್ಯಾಪ್ ಕಲಿಸ್ತಾರೆ.

ರ‍್ಯಾಪ್ ಅಂದ್ರೆ ಹಾಡೂ ಅಲ್ಲ, ಮಾತೂ ಅಲ್ಲ. ಸಂತೇಲಿ ಈರುಳ್ಳಿ ಕೂಗೋನಿಗೆ ಪ್ರಾಸ ಹತ್ತಿಬಿಟ್ರೆ ಹೆಂಗಿರ್ತದೋ ಹಂಗೆ. ಆದ್ರೆ ಇವರು ಕೂಗೋದು ಈರುಳ್ಳಿ ಅಲ್ಲ. ಮನುಷ್ಯರೆಲ್ಲ ಒಂದೇ, ಯಾರನ್ನೂ ಕೀಳು ಅನ್ಬೇಡ, ಸಿಟ್ಟು ನುಂಗು, ಇಂಥವು.

ಅಲ್ಲಿ ಒಂದು ಪದ್ಧತಿ ಐತೆ. ಇಬ್ಬರು ಎದುರುಬದುರು ಕೂತು, ಪದ ಕಟ್ಟಿ ಒಬ್ಬರನ್ನೊಬ್ಬರು ಬೈಬೇಕು. ಒಬ್ಬರ ಸರದಿ ಆದ್ಮೇಲೆ ಇನ್ನೊಬ್ಬರ ಸರದಿ. ಎಲ್ಲಾ ಊರಲ್ಲೂ ಹಂಗೇ ಅಂತೆ. ಆದ್ರೆ ಚನ್ನಂಜಯ್ಯನೋರ ಹತ್ರ, ಬೈಯೋರಿಗೆ ತಾಳ ಹಾಕೋರು ಯಾರು ಅಂದ್ರೆ, ಬೈಸ್ಕೊಳ್ಳೋರೇ.

ಬಣ್ಣದ ಡಬ್ಬ ಬೋರಲು ಹಾಕಿ ಮುಂದಿಡ್ತಾರೆ. ಎದುರಿಗಿರೋನು ನಿನ್ನ ಮೂಗು, ಮೋರೆ, ವಂಶ ಎಲ್ಲ ಎತ್ತಿ ಆಡ್ತಾನೆ. ನೀನು ಅವನಿಗೇ ತಾಳ ಹಾಕ್ತಾ ಕೂತಿರ್ಬೇಕು. ಸಿಟ್ಟು ಬಂದು ತಾಳ ಬಿಟ್ಟು ಕೈ ಓಡ್ತೋ, ನೀನು ಸೋತೆ. ಬೇಕಂತ ತಾಳ ತಪ್ಪಿಸಿ ಅವನ್ನ ಬೀಳಿಸಿದ್ಯೋ, ಆಶ್ರಮದಿಂದ ಆಚೆ.

ಇಂಥ ಕಡೆಗೆ ಶಿಷ್ಯೆ ಆಗಿ ಹೋದೋಳು ನಮ್ಮ ಪಕ್ಕದ್ಮನೆ ಪದ್ಮಿ. ಹೂ ಕಟ್ಟಿ ಮಾರೋ ದೊಡ್ಡತಾಯಮ್ಮನ ಒಬ್ಬಳೇ ಮಗಳು. ರವಿಕೆ ಹೊಲಿಯೋ ಅಂಗಡೀಲಿ ಕೆಲಸ. ಕತ್ತರಿಗಿಂತ ನಾಲಿಗೆ ಚುರುಕು.

ಇದೆಲ್ಲ ನಿಂಗೆ ಹೆಂಗೆ ಗೊತ್ತು ಅಂತೀಯಾ? ನಮ್ಮಿಬ್ಬರ ಮನೆಗೂ ಗೋಡೆ ಒಂದೇ, ಅದೂ ಒಂಟಿ ಇಟ್ಟಿಗೇದು. ಗೋಡೆ ಹೇಳ್ದೆ ಉಳಿಸಿದ್ದನ್ನ ಪದ್ಮಿಯೇ ಹೇಳ್ಕೊಂಡ್ಳು, ಯಾರಿಗೂ ಹೇಳ್ಬೇಡ ಅಂತ.

ಬೈಯೋದ್ರಲ್ಲಿ ಪದ್ಮಿ ಮುಂದೆ ಯಾರೂ ನಿಲ್ತಿರ್ಲಿಲ್ಲ. ತಾಳ ಹಾಕೋದ್ರಲ್ಲಿ ಪದ್ಮಿ ಯಾರ ಮುಂದೂ ನಿಲ್ತಿರ್ಲಿಲ್ಲ.

ಒಂದು ಸಂಜೆ ಗ್ಯಾರೇಜ್ ಹುಡುಗ ರಫೀಕ ಅವಳ ಎದುರಿಗೆ ಕೂತ. ಅವನ ಸರದಿ. ಶುರು ಹಚ್ಕೊಂಡ:

“ಪದ್ಮಿ ಬಾಯಿ ಹೊಲಿಗೆ ಮಿಷನ್ನು, ತುಳಿದ್ರೆ ನಿಲ್ಲೋದಿಲ್ಲ,
ಎಲ್ಲರ ಹರಕು ಹೊಲೀತಾವ್ಳೆ, ತನ್ ಹರಕು ಕಾಣೋದಿಲ್ಲ!”

ಎಲ್ಲರೂ ಹೋ ಅಂದ್ರು. ಪದ್ಮಿ ಕೈ ಕುದುರೆ ಥರ ಓಡ್ತು. ಡಬ್ಬ ಉರುಳಿ ಮೆಟ್ಟಿಲಿಳಿದು ಹೋಯ್ತು.

“ಸೋತೆ,” ಅಂದ್ರು ಚನ್ನಂಜಯ್ಯ.

“ನನ್ನ ಸರದಿ ಬರ್ಲಿ ಗುರುಗಳೇ, ಅವನ ಚರ್ಮ ಸುಲೀತೀನಿ.”

“ನಿನ್ನ ಬಾಯಿ ಯಾವತ್ತೋ ಕಲಿತಾಯ್ತು. ಕೈ ಕಲೀಬೇಕು.”

“ಹಾಡೋದು ಬಾಯಲ್ಲಿ ತಾನೆ? ಕೈ ಯಾಕೆ?”

ಅವರು ಡಬ್ಬ ಎತ್ಕೊಂಡು ಬಂದು ಇನ್ನೊಬ್ಬರ ಮುಂದಿಟ್ರು.

ಪದ್ಮಿಗೆ ರೇಗಿಹೋಯ್ತು. ಮೈದಾನದಲ್ಲಿ ಭಾನುವಾರ ರ‍್ಯಾಪ್ ಕಾರ್ಯಕ್ರಮ ಇತ್ತು, ಗುರುಗಳು ಹೂಂ ಅನ್ದೆ ಅವರ ಶಿಷ್ಯರು ಯಾರೂ ಮೈಕ್ ಮುಟ್ಟೋ ಹಂಗಿಲ್ಲ. ಇವರು ಹೂಂ ಅನ್ನೋ ಹೊತ್ಗೆ ನನಗೆ ಹಲ್ಲುದುರಿರ್ತವೆ ಅಂದ್ಕೊಂಡು, ಮಾರನೇ ದಿನ ಮಹಡಿ ಮೆಟ್ಟಿಲ ಮೇಲೆ ನಿಂತು, ಫೋನ್ ಮುಂದೆ ಒಂದು ಹಾಡು ಹಾಡಿ ಊರಿಗೆ ಬಿಟ್ಬಿಟ್ಳು.

ಆ ಹಾಡಿನ ಕಥೆ ಹೇಳೋಕೆ ಮುಂಚೆ ಲೋಟದ ಕಥೆ ಹೇಳ್ಬೇಕು.

ನಮ್ಮ ಬೀದಿ ಗುಡಿಸೋಳು ಸಾಕಮ್ಮ. ಬಿಸಿಲೇರಿದ ಮೇಲೆ ದೊಡ್ಡತಾಯಮ್ಮನ ಬಾಗಿಲಿಗೆ ಬಂದು “ಒಂಚೂರು ನೀರು ಕೊಡ್ರವ್ವಾ” ಅಂತಾಳೆ. ದೊಡ್ಡತಾಯಮ್ಮ ಯಾವತ್ತೂ ಇಲ್ಲ ಅಂದೋಳಲ್ಲ. ಆದ್ರೆ ಅವಳಿಗೆ ಅಂತ ಹೊರಗಿನ ಕಿಟಕಿ ದಂಡೆ ಮೇಲೆ ಬೇರೆ ಲೋಟ. ಸಾಕಮ್ಮ ತಾನೇ ತಗೋಬೇಕು, ಇವಳು ಮೇಲಿಂದ ಸುರೀತಾಳೆ, ಕುಡಿದು ತೊಳೆದು ಬೋರಲು ಹಾಕಿ ಹೋಗ್ಬೇಕು.

ಯಾವ ಮನೇಲಿಲ್ಲ ಬುಡು ಅಂಥದ್ದೊಂದು ಲೋಟ.

ಪದ್ಮಿ ಹಾಡಿದ್ದು ಇದನ್ನೇ:

“ಬಿಸಿಲಿಗೆ ಬೆವ್ರು ಎಲ್ರಿಗು ಉಪ್ಪು, ನೆಕ್ಕಿ ನೋಡು ಬೇಕಾದ್ರೆ,
ನಮ್ಮನೆ ಲೋಟಕೆ ಮೈಲಿಗೆಯಂತೆ, ಸಾಕಮ್ಮ ಬಂದು ಕುಡಿದ್ರೆ!
ಗೋಡೇಲಿ ಶಿವ, ಬಾಯಲ್ಲಿ ಶಿವ, ಹೊಸಿಲಾಚೆ ಬೇರೆ ಲೋಟ,
ನಮ್ಮವ್ವ ದೇವ್ರಿಗೆ ಕಟ್ಟೋ ಹೂವು, ಎಲ್ಲಾ ಬರೀ ಆಟ!”

ಹಾಡು ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳ್ಲಿ. ನಾನೂ ಎರಡು ಸಲ ಕೇಳ್ದೆ.

ಸಂಜೆ ಹೊತ್ಗೆ ಊರಿನ ಫೋನಲ್ಲೆಲ್ಲ ಅದೇ. ಎಲ್ಲೆಲ್ಲಿಂದಲೋ ಜನ ಶಭಾಷ್ ಅಂದ್ರು. ಹಿಂಗೆ ಧೈರ್ಯವಾಗಿ ಹೇಳೋರು ಬೇಕು ಅಂದ್ರು. ಪದ್ಮಿ ಕಾಲು ನೆಲದ ಮೇಲಿರ್ಲಿಲ್ಲ.

ಮಾರನೇ ದಿನ ದೊಡ್ಡತಾಯಮ್ಮ ಹೂವಿನ ಬುಟ್ಟಿ ಎತ್ಕೊಂಡು ಮೂಲೆ ತಿರುಗಿದ್ಳು. ಟೀ ಅಂಗಡಿ ಹುಡುಗ್ರು “ಹೊಸಿಲಾಚೆ ಬೇರೆ ಲೋಟ!” ಅಂತ ಶುರು ಮಾಡಿದ್ರು. ಹೂವಿನ ಗಿರಾಕಿ ಒಬ್ಬಳು, “ಇದೂ ಬರೀ ಆಟದ ಹೂವಾ ದೊಡ್ಡತಾಯಮ್ಮ?” ಅಂತ ನಕ್ಕಳು. ಬೆಳಗಾದ್ರೆ ಯಾರೋ ಅವಳ ಹೊಸಿಲ ಮೇಲೆ ಪ್ಲಾಸ್ಟಿಕ್ ಲೋಟ ಇಟ್ಟು ಹೋಗಿದ್ರು.

ಯಾರು ಅಂತ ನನ್ನ ಕೇಳ್ಬೇಡ. ಆ ಲೋಟ ಇಟ್ಟೋರ ಮನೇ ಕಿಟಕೀಲೂ ಬೇರೆ ಲೋಟ ಐತೆ, ಅಷ್ಟು ಹೇಳ್ತೀನಿ.

ದೊಡ್ಡತಾಯಮ್ಮ ಬಾಗಿಲು ಹಾಕ್ಕೊಂಡ್ಳು. ಹೂ ಮಾರೋಕೆ ಹೋಗ್ಲಿಲ್ಲ. ನಲ್ಲಿ ಹತ್ರ ಬರ್ಲಿಲ್ಲ. ಮಗಳ ಜತೆ ಮಾತು ಬಿಟ್ಳು.

ಬೈದಿದ್ರೆ ಪದ್ಮಿಗೆ ಏನೂ ಅನ್ನಿಸ್ತಿರ್ಲಿಲ್ಲ. ಬೈಗುಳಕ್ಕೆ ಪ್ರಾಸ ಸಮೇತ ಉತ್ತರ ಇತ್ತು ಅವಳ ಹತ್ರ. ಮೌನಕ್ಕೆ ಇರ್ಲಿಲ್ಲ.

ಒಂದು ರಾತ್ರಿ ಪದ್ಮಿ ಊಟಕ್ಕೆ ಕೂತ್ಲು. ಅವ್ವ ಮುದ್ದೆ ಇಟ್ಳು, ಸಾರು ಬಿಟ್ಳು. ಆಮೇಲೆ ಎದ್ದು ಹೊರಗೆ ಹೋಗಿ, ಕಿಟಕಿ ದಂಡೆ ಮೇಲಿದ್ದ ಬೇರೆ ಲೋಟ ತಂದು ಮಗಳ ತಟ್ಟೆ ಪಕ್ಕ ಇಟ್ಳು. ಮೇಲಿಂದ ನೀರು ಸುರಿದ್ಳು.

“ಅವ್ವಾ, ಇದೇನಿದು?”

ದೊಡ್ಡತಾಯಮ್ಮ ಚೊಂಬು ಕೆಳಗಿಟ್ಳು.

“ನಾನು ನಿನ್ನ ಮಗಳು ಕಣವ್ವಾ!”

ದೊಡ್ಡತಾಯಮ್ಮ ತನ್ನ ತಟ್ಟೆ ಎತ್ಕೊಂಡು ಒಲೆ ಮೂಲೆಗೆ ಹೋಗಿ ಗೋಡೆ ಕಡೆ ತಿರುಗಿ ಕೂತ್ಲು.

ಪದ್ಮಿ ಆ ಲೋಟ ಎತ್ತಿದ್ಳಂತೆ. ಬಾಯಿಗೆ ಹತ್ರ ತಂದ್ಳಂತೆ. ಕುಡಿಯಕ್ಕಾಗ್ಲಿಲ್ಲ. ಸಾಕಮ್ಮ ಕುಡಿದ ಲೋಟ ಅಂತ ಬೇಡ ಅನ್ನಿಸ್ತಾ, ಅವ್ವ ಹಿಂಗೆ ಕೊಟ್ಟಳಲ್ಲ ಅಂತ ಬೇಡ ಅನ್ನಿಸ್ತಾ, ಅವಳಿಗೇ ತಿಳೀಲಿಲ್ಲ. ಅದೇ ಅವಳಿಗೆ ಭಯ ಆಗಿದ್ದು.

ಬೆಳಿಗ್ಗೆ ಎದ್ದು ನೇರ ಹೊಳೆ ದಂಡೆಗೆ ಓಡಿದ್ಳು. ಅವಳಿಗೆ ಈಗ ಮೈದಾನ ಬೇಡ, ಶಭಾಷ್ ಬೇಡ. ಅವ್ವ ಮಾತಾಡಿದ್ರೆ ಸಾಕಾಗಿತ್ತು.

ಚನ್ನಂಜಯ್ಯ ನೀರಿಗೆ ಕಾಲು ಇಳಿಬಿಟ್ಕೊಂಡು ಕೂತಿದ್ರು.

“ಗುರುಗಳೇ, ಹಾಡು ಕೇಳಿದ್ರಾ?”

“ಕೇಳ್ದೆ.”

“ಅದ್ರಲ್ಲಿ ಸುಳ್ಳೇನಾದ್ರೂ ಐತಾ?”

“ಇಲ್ಲ.”

“ಹಂಗಾದ್ರೆ ತಪ್ಪೈತಾ?”

“ತಾಳ ಯಾರು ಹಾಕಿದ್ರು?”

“ಫೋನಲ್ಲೇ ಬತ್ತದೆ ಗುರುಗಳೇ, ರೆಡಿ ಸಿಗ್ತದೆ.”

“ನೀನು ಬೈದಿದ್ದು ಫೋನನ್ನ?”

“ಅಲ್ಲ. ನಮ್ಮವ್ವನ್ನ.”

“ಬೈಸ್ಕೊಳ್ಳೋರು ತಾನೆ ತಾಳ ಹಾಕ್ಬೇಕಾದ್ದು?”

“ಏನ್ ಗುರುಗಳೇ ನೀವು! ನಮ್ಮವ್ವನ್ನ ಕರ್ಕೊಂಡ್ಬಂದು ಡಬ್ಬದ ಮುಂದೆ ಕೂರಿಸ್ಲಾ? ಅವ್ವ ಯಾವ ಸೀಮೆ ರ‍್ಯಾಪರ‍್ರು?”

“ಸರಿ. ನಿನ್ನ ಸರದಿ ಆಯ್ತು. ಅವಳ ಸರದಿ?”

ಪದ್ಮಿ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತ್ಲು.

“ಅವಳ ಸರದಿ ಬಾಕಿ ಐತೆ,” ಅಂದ್ರು. “ಹೋಗಿ ತಾಳ ಹಾಕು.”

ಇಷ್ಟು ಹೇಳಿ ಕಾಲು ಆಡಿಸ್ತಾ ಕೂತ್ರು. ಇನ್ನೇನು ಕೇಳಿದ್ರೂ ಹೊಳೆಗೇ ಹೇಳ್ದಂಗಿತ್ತು.

ಈಗ ನೋಡು ಆ ಹುಡುಗಿ ಬುದ್ಧಿ. ಅಷ್ಟು ಓದಿರೋಳು. ಗುರುಗಳು ತಾಳ ಹಾಕು ಅಂದ್ರಾ? ಬಣ್ಣದ ಡಬ್ಬ ಕಂಕುಳಲ್ಲಿ ಇಟ್ಕೊಂಡು ಮನೆಗೆ ಬಂದ್ಳು!

ದೊಡ್ಡತಾಯಮ್ಮ ಅಕ್ಕಿ ಆರಿಸ್ತಾ ಕೂತಿದ್ಳು. ಪದ್ಮಿ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತು, ಡಬ್ಬ ಬೋರಲು ಹಾಕಿದ್ಳು.

“ಅವ್ವಾ, ನನ್ನ ಸರದಿ ಮುಗೀತು. ಈಗ ನಿಂದು. ಬೈ.”

ದೊಡ್ಡತಾಯಮ್ಮ ನೋಡಿದ್ಳು. ಮತ್ತೆ ಅಕ್ಕಿ ಆರಿಸಿದ್ಳು.

“ಬೈ ಅವ್ವಾ. ನಾನು ಉತ್ತರ ಕೊಡಕಿಲ್ಲ. ಗುರುಗಳು ಹೇಳವ್ರೆ.” ಅಂದು ಡಬ್ಬದ ಮೇಲೆ ಧಪ್ ಧಪ್ ಶುರು ಮಾಡಿದ್ಳು.

ಅಷ್ಟು ದಿನದ ಮೌನ ಒಡೀತು ನೋಡು!

“ಹಡಬೆ ಮುಂಡೇದೆ! ಬೀದೀಲಿ ಮಾನ ಹರಾಜು ಹಾಕಿದ್ದು ಸಾಲ್ದು ಅಂತ ಮನೆಗೆ ತಮಟೆ ತಂದ್ಯಾ? ನಾನೇನು ಸತ್ತೋಗಿದ್ದೀನಾ, ಹೆಣದ ಮುಂದೆ ಬಡಿಯೋಕೆ?”

ಧಪ್ ಧಪ್. ಧಪ್ ಧಪ್.

“ಹೆತ್ತ ಹೊಟ್ಟೆಗೆ ಬೆಂಕಿ ಇಟ್ಟು ಅದ್ರಲ್ಲಿ ಚಳಿ ಕಾಯಿಸ್ಕೋತೀಯಲ್ಲೇ! ನಿಲ್ಸೇ! ನಿಲ್ಸ್ತೀಯಾ ಇಲ್ವಾ?”

ಧಪ್ ಧಪ್. ಕೈ ಒಂದು ಚೂರೂ ಓಡ್ಲಿಲ್ಲ. ಅವತ್ತು ಆಶ್ರಮದಲ್ಲಾಗಿದ್ರೆ ಪದ್ಮಿ ಗೆದ್ದಿರೋಳು.

ಇಲ್ಲಿ ದೊಡ್ಡತಾಯಮ್ಮ ಪೊರಕೆ ತಗೊಂಡ್ಳು. ಪದ್ಮಿ ಡಬ್ಬ ಸಮೇತ ಬೀದಿಗೆ ಬಂದ್ಳು. ಜನ ಸೇರಿದ್ರು. ಯಾರೋ ಫೋನ್ ಹಿಡಿದ್ರು. ದೊಡ್ಡತಾಯಮ್ಮ ಅದನ್ನ ಕಂಡದ್ದೇ, ಪೊರಕೆ ಅಲ್ಲೇ ಬಿಸಾಕಿ ಒಳಗೆ ಹೋಗಿ ಚಿಲಕ ಹಾಕಿದ್ಳು. ಆಮೇಲೆ ಅಳು ಕೇಳಿಸ್ತು. ಅದು ನಮ್ಮ ಗೋಡೆ ಕಡೆಯಿಂದ ನನಗೆ ಕೇಳಿಸಿದ್ದು, ಬೀದಿಗೆ ಕೇಳಿಸ್ಲಿಲ್ಲ.

ಪದ್ಮಿ ಮತ್ತೆ ಹೊಳೆ ದಂಡೆಗೆ.

“ಹಾಕ್ದೆ ಗುರುಗಳೇ. ಮೊದಲಿಗಿಂತ ಕೆಟ್ಟೋಯ್ತು.”

“ಕೈ ಓಡ್ತಾ?”

“ಇಲ್ಲ. ಒಂದೇ ಸಮ ಇತ್ತು.”

“ಭೇಷ್. ನಿಮ್ಮವ್ವ ಏನಂದ್ರು?”

“ಬೈದ್ರು.”

“ಏನಂತ?”

ಪದ್ಮಿ ಯೋಚನೆ ಮಾಡಿದ್ಳು. ಹೆಣ ಅಂದಿದ್ದು ನೆನಪಿತ್ತು. ಬೆಂಕಿ ಅಂತಾನೂ ಏನೋ ಅಂದಿದ್ಳು. ಉಳಿದಿದ್ದು ಬರ್ಲಿಲ್ಲ.

“ಮರ್ತೋಯ್ತು ಗುರುಗಳೇ. ನನ್ನ ಗಮನ ಎಲ್ಲ ತಾಳದ ಮೇಲಿತ್ತು.”

“ಯಾವ ತಾಳ?”

“ನಮ್ಮದೇ, ಇಲ್ಲಿ ಹಾಕೋದು.”

“ನಿಮ್ಮವ್ವ ಇಲ್ಲಿಗೆ ಬತ್ತಾರಾ?”

“ಇಲ್ಲ.”

ಚನ್ನಂಜಯ್ಯ ಡಬ್ಬ ಈಸ್ಕೊಂಡ್ರು. ಹೊಳೇಲಿ ಮುಳುಗಿಸಿ ನೀರು ತುಂಬಿಸಿದ್ರು. ತಮ್ಮ ಅಂಗಿ ಬಿಚ್ಚಿ ಅದ್ರೊಳಗೆ ನೆನೆ ಹಾಕಿದ್ರು. ಸೋಪು ಹಚ್ಚೋಕೆ ಶುರು ಮಾಡಿದ್ರು.

“ಗುರುಗಳೇ, ಡಬ್ಬ!”

“ಬಟ್ಟೆ ಕೊಳೆಯಾಗೈತೆ.”

“ನಾನು ತಾಳ ಯಾವುದ್ರ ಮೇಲೆ ಹಾಕ್ಲಿ?”

“ಅದನ್ನ ನನ್ನ ಯಾಕೆ ಕೇಳ್ತೀಯ? ಹಾಡೋರು ನಾನಲ್ಲವಲ್ಲ.”

ಪದ್ಮಿ ದಾರಿ ಉದ್ದಕ್ಕೂ ಗುರುಗಳನ್ನ ಮನಸಲ್ಲೇ ಬೈಕೊಂಡು ಬಂದ್ಳಂತೆ. ಈ ಮನುಷ್ಯನಿಗೆ ನೆಟ್ಟಗೆ ಒಂದು ಮಾತು ಬರಕಿಲ್ವಾ? ಹೋಗು ಕ್ಷಮೆ ಕೇಳು ಅಂದಿದ್ರೆ ಕೇಳ್ತಿದ್ದೆ. ನೀನೇ ಸರಿ, ಬಗ್ಗಬೇಡ ಅಂದಿದ್ರೆ ಬಗ್ತಿರ್ಲಿಲ್ಲ. ಎರಡೂ ಅಲ್ದೆ ಅಂಗಿ ಒಗೀತಾ ಕೂತವ್ರೆ.

ಮನೇಲಿ ದೊ‌ಡ್ಡತಾಯಮ್ಮ ನೆಲದ ಮೇಲೆ ಕೂತು ಹೂ ಕಟ್ತಿದ್ಳು. ಮಾರೋಕಲ್ಲ. ಹೂವಿನೋನು ರೂಢಿ ಮೇಲೆ ಸೇವಂತಿಗೆ ತಂದು ಸುರಿದು ಹೋಗಿದ್ದ. ಬಾಡೋಕೆ ಬಿಡೋಕೆ ಕೈ ಬರಕಿಲ್ಲ ಹೂ ಕಟ್ಟೋರಿಗೆ.

ಪದ್ಮಿ ಬಾಗಿಲಲ್ಲಿ ನಿಂತ್ಲು. ಅವ್ವ ತಲೆ ಎತ್ಲಿಲ್ಲ.

ಹೂವಿನ ರಾಶಿ ಬಲಗಡೆ, ದೂರ ಇತ್ತು. ದೊಡ್ಡತಾಯಮ್ಮ ಪ್ರತಿ ಸಲ ಬಗ್ಗಿ ಎರಡು ಹೂ ತಗೊಂಡು, ಜೋಡಿಸಿ, ಬಾಳೆನಾರು ಸುತ್ತಿ ಗಂಟು ಹಾಕ್ತಿದ್ಳು. ಪದ್ಮಿ ಮೆಲ್ಲಗೆ ಹೋಗಿ ರಾಶಿ ಪಕ್ಕ ಕೂತ್ಲು. ಎರಡು ಹೂ ಜೋಡಿಸಿ ಹಿಡಿದ್ಳು.

ಅವ್ವ ನೋಡ್ದೇನೇ ಈಸ್ಕೊಂಡ್ಳು. ಗಂಟು.

ಮತ್ತೆ ಎರಡು. ಗಂಟು.

ಮೊದಲು ಪದ್ಮಿ ಬೇಗ ಬೇಗ ಕೊಟ್ಳು, ಅವ್ವನ ಕೈ ಖಾಲಿ ಇರ್ಲಿಲ್ಲ. ಆಮೇಲೆ ತಡ ಮಾಡಿದ್ಳು, ಅವ್ವನ ಕೈ ಕಾಯ್ತು. ಸುಮಾರು ಹೊತ್ತಾದ್ಮೇಲೆ ಸರಿ ಹೋಯ್ತು. ಅವ್ವನ ಬೆರಳು ಚಾಚೋದಕ್ಕೂ ಹೂವು ಇರೋದಕ್ಕೂ ಸರಿ ಹೋಯ್ತು.

ಮೊಳ ಆಯ್ತು. ಮಾರು ಆಯ್ತು. ಆಗ ದೊಡ್ಡತಾಯಮ್ಮ ಬಾಯಿ ಬಿಟ್ಳು. ಮಗಳಿಗೆ ಹೇಳ್ದಂಗಲ್ಲ, ಹೂವಿಗೆ ಹೇಳ್ದಂಗೆ.

“ಆ ಲೋಟ ನಿಮ್ಮಜ್ಜಿ ಇಟ್ಟಿದ್ದು. ನಾನು ಈ ಮನೆಗೆ ಬಂದಾಗ ಅಲ್ಲೇ ಇತ್ತು.”

ಎರಡು ಹೂವು. ಗಂಟು.

“ಆಗ ಸಾಕಮ್ಮನ ಅತ್ತೆ ಬತ್ತಿದ್ದಿದ್ದು. ಹೊಸ ಸೊಸೆ, ನಂಗೇನು ಗೊತ್ತು? ಒಂದಿನ ಒಳಗಿನ ಲೋಟದಲ್ಲೇ ಕೊಟ್ಬಿಟ್ಟೆ. ಬೀದಿ ನೋಡ್ತು.”

ಗಂಟು.

“ಆಮೇಲೆ ಹಬ್ಬ ಬಂತು. ನಾನು ಕಟ್ಟಿದ ಹೂವು ಒಬ್ಬರೂ ದೇವ್ರಿಗೆ ತಗೊಳ್ಲಿಲ್ಲ. ಬುಟ್ಟಿ ಬುಟ್ಟಿ ಹೊಳೆಗೆ ಸುರಿದೆ. ನಿಮ್ಮಪ್ಪ ಅವತ್ತು ನನಗೆ ಹೊಡೆದ.”

ಪದ್ಮಿ ಕೈ ತಡೀತು. ಮತ್ತೆ ಕೊಟ್ಳು.

“ಅವತ್ತಿಂದ ಆ ಲೋಟ ತೆಗೀಲಿಲ್ಲ. ಸಾಕಮ್ಮನ ಕಂಡ್ರೆ ಅಸಹ್ಯ ಅಂತಲ್ಲ ಕಣೇ. ಬೀದಿ ಕಂಡ್ರೆ ಹೆದ್ರಿಕೆ.”

ಪದ್ಮಿ ನಾಲಿಗೆ ತುದೀಲಿ ಒಂದು ಮಾತು ಬಂದು ಕೂತಿತ್ತು. ನಿನ್ನ ಹೆದ್ರಿಕೆಗೆ ಅವಳು ಯಾಕವ್ವಾ ಹೊರಗೆ ನಿಂತು ಕುಡೀಬೇಕು? ನಿಜವಾದ ಮಾತೇ. ಹೇಳ್ಬೇಕಾದ ಮಾತೇ. ಹೇಳಿದ್ರೆ ಅವ್ವನ ಸರದಿ ಮುರೀತದೆ, ನುಂಗಿದ್ರೆ ಸಾಕಮ್ಮನಿಗೆ ಮೋಸ ಮಾಡ್ದಂಗೆ. ನುಂಗೋದು ಒಳ್ಳೇದೋ ಉಗುಳೋದು ಒಳ್ಳೇದೋ ಗೊತ್ತಾಗ್ದೆ, ಬಾಯಲ್ಲೇ ಇಟ್ಕೊಂಡು ಹೂ ಕೊಟ್ಳು. ಕೈ ಓಡ್ಲಿಲ್ಲ.

“ಲೋಟ ಬೇರೆ ಇಡು ಅಂತ ಹೆದ್ರಿಸಿದ್ದೂ ಈ ಬೀದಿಯೇ. ಬೇರೆ ಲೋಟ ಅಂತ ಈಗ ನಗ್ತಿರೋದೂ ಈ ಬೀದಿಯೇ. ಯಾರಿಗೆ ಹೆದ್ರಿ ಹೆದ್ರಿ ನಾನು ಸವೆದೋದ್ನೋ, ನೀನು ನನ್ನ ಕೈ ಹಿಡಿದು ಎಳ್ಕೊಂಡೋಗಿ ಅವ್ರಿಗೇ ಒಪ್ಪಿಸ್ಬಿಟ್ಟೆ ಪದ್ಮಿ.”

ಹೆಸರು ಹಿಡಿದು ಕರೆದ್ಳು. ಎಷ್ಟೋ ದಿನಕ್ಕೆ.

ಅಷ್ಟರಲ್ಲಿ ಹೊರಗೆ ಪೊರಕೆ ಸದ್ದು ನಿಂತೋಯ್ತು. ಸಾಕಮ್ಮ. ಹಾಡು ಬಂದಾಗಿಂದ ಈ ಬಾಗಿಲಿಗೆ ಬಂದಿರ್ಲಿಲ್ಲ ಅವಳು. ಅವತ್ತು ಬಿಸಿಲು ಹಂಗಿತ್ತು.

“ಒಂಚೂರು ನೀರು ಕೊಡ್ರವ್ವಾ.”

ತಾಯಿ ಮಗಳು ಮುಖ ಮುಖ ನೋಡ್ಕೊಂಡ್ರು. ಬೇರೆ ಲೋಟ ಕಿಟಕೀಲಿರ್ಲಿಲ್ಲ, ಒಳಗೆ ಪದ್ಮಿ ತಟ್ಟೆ ಪಕ್ಕ ಇತ್ತು.

“ನೀರು ಕೊಡು ಹೋಗು,” ಅಂದ್ಳು ದೊಡ್ಡತಾಯಮ್ಮ. ಯಾವುದರಲ್ಲಿ ಅಂತ ಹೇಳ್ಲಿಲ್ಲ.

ಪದ್ಮಿ ಎದ್ದೋಗಿ ಒಳಗಿನ ಹೊಳೆಯೋ ಲೋಟದಲ್ಲಿ ತುಂಬಾ ನೀರು ತಂದ್ಳು. ಎರಡು ಕೈಯಲ್ಲಿ ಹಿಡಿದು ನೀಡಿದ್ಳು. ಅವಳ ಎದೆ ಉಬ್ಬಿತ್ತು, ಈಗ ಎಲ್ಲ ಸರಿ ಹೋಗ್ತದೆ ಅಂತ.

ಸಾಕಮ್ಮ ಲೋಟ ನೋಡಿದ್ಳು. ಪದ್ಮಿ ಮುಖ ನೋಡಿದ್ಳು.

“ಬ್ಯಾಡ ಕಣ್ ಕೂಸು.”

“ಯಾಕೆ ಸಾಕಮ್ಮ? ಒಳಗಿನ ಲೋಟವೇ ಇದು.”

“ಅದಕ್ಕೇ ಬ್ಯಾಡ. ಇದ್ರಲ್ಲಿ ಕುಡಿದ್ರೆ ಇದಕ್ಕೂ ಒಂದು ಹಾಡು ಕಟ್ತೀಯ. ‘ನಾನೇ ಕೊಟ್ಟೆ, ಸಾಕಮ್ಮ ಕುಡಿದ್ಳು’ ಅಂತ.”

“ನಿನ್ನ ಪರವಾಗಿ ತಾನೆ ನಾನು ಹಾಡಿದ್ದು!”

“ಕೇಳ್ದಾ ನನ್ನ? ಹಾಡೋಕೆ ಮುಂಚೆ ಒಂದು ಮಾತು ಕೇಳ್ದಾ? ನಾನು ಹೊರಗೆ ನಿಂತು ಕುಡಿಯೋದು ನಾಕು ಮನೆಗೆ ಗೊತ್ತಿತ್ತು. ಈಗ ಊರಿಗೆಲ್ಲ ಗೊತ್ತು. ನನ್ನ ಮೊಮ್ಮಗಳು ಇಸ್ಕೂಲಿಂದ ಬಂದು ‘ಅಜ್ಜಿ, ಲೋಟದ ಸಾಕಮ್ಮ ಅಂದ್ರೆ ನೀನೇನಾ’ ಅಂತ ಕೇಳ್ತು. ಏನು ಹೇಳ್ಲಿ ಅದಕ್ಕೆ?”

ಸಾಕಮ್ಮ ಸೆರಗಲ್ಲಿ ಬೆವರು ಒರೆಸ್ಕೊಂಡ್ಳು.

“ಇನ್ನೊಂದು ಕೇಳು. ಮನುಷ್ಯರೆಲ್ಲ ಒಂದೇ ಅಂತೀಯ. ಸೊಪ್ಪಿನೋಳು ನಿಂಗೆ ಅತ್ತೆ, ಹಾಲಿನೋನು ನಿಂಗೆ ಮಾವ. ನಾನು ನಿಮ್ಮವ್ವನ ವಯಸ್ಸಿನೋಳು. ನಾನು ಮಾತ್ರ ಬರೀ ಸಾಕಮ್ಮ. ಅದನ್ನೂ ಹಾಡಲ್ಲಿ ಹಾಕ್ಬೇಕಾಗಿತ್ತು.”

ಅಂದು ಪೊರಕೆ ಎತ್ಕೊಂಡು, ಬೀದಿ ಕೊನೆ ನಲ್ಲಿ ಹತ್ರ ಹೋಗಿ ಬೊಗಸೇಲಿ ಕುಡಿದು ಹೋದ್ಳು.

ಪದ್ಮಿ ತುಂಬಿದ ಲೋಟ ಹಿಡಿದು ಹೊಸಿಲ ಮೇಲೆ ನಿಂತೇ ಇದ್ಳು. ದೊಡ್ಡತಾಯಮ್ಮ ಬಂದು ಅವಳ ಪಕ್ಕ ನಿಂತ್ಲು. ಲೋಟ ಈಸ್ಕೊಂಡು ಅರ್ಧ ತಾನು ಕುಡಿದು, ಇನ್ನರ್ಧ ಮಗಳ ಕೈಗಿಟ್ಳು.

“ಈಗೇನೇ ಮಾಡೋದು?” ಅಂದ್ಳು.

“ಗೊತ್ತಿಲ್ಲ ಕಣವ್ವಾ.”

ಆಮೇಲೆ ಪಾತ್ರೆ ತೊಳೆಯೋವಾಗ ಆ ಬೇರೆ ಲೋಟಾನೂ ಮಿಕ್ಕಿದ್ದರ ಜತೆ ಒಂದೇ ಕುಕ್ಕೇಲಿ ಬಿತ್ತು. ದೊಡ್ಡತಾಯಮ್ಮ ಬೇಕಂತ್ಲೇ ಹಾಕಿದ್ಳೋ, ಮರೆತು ಹಾಕಿದ್ಳೋ, ನಾನು ಕಿಟಕೀಲಿ ನೋಡಿದ್ರೂ ತಿಳೀಲಿಲ್ಲ.

ಪದ್ಮಿ ಸುಮ್ಮನೆ ಕೂರ್ಲಿಲ್ಲ. ಸಂಜೆ ಸಾಕಮ್ಮನ ಮನೆ ಹುಡುಕ್ಕೊಂಡು ಹೋದ್ಳು. ತಲೆ ತಗ್ಗಿಸಿ ತಪ್ಪಾಯ್ತು ಅಂದ್ಳು. ಭಾನುವಾರ ಮೈದಾನಕ್ಕೆ ಬನ್ನಿ ಸಾಕಮ್ಮತ್ತೆ, ನೀವೇ ಮಾತಾಡಿ ಅಂದ್ಳು. ಸಾಕಮ್ಮ ಸೊಪ್ಪು ಬಿಡಿಸ್ತಾ, “ಮೈದಾನಕ್ಕೆ ನಾನು ಸೋಮವಾರ ಬತ್ತೀನಿ. ನೀವು ಬಿಸಾಕಿದ್ದನ್ನೆಲ್ಲ ಗುಡಿಸೋಕೆ,” ಅಂದ್ಳಂತೆ.

ಶನಿವಾರ ಪದ್ಮಿ ಹೊಳೆ ದಂಡೇಲಿ ಗುರುಗಳ ಮುಂದೆ ಕುಸಿದು ಕೂತ್ಲು.

“ಗುರುಗಳೇ, ನನ್ನ ಹಾಡು ಸುಳ್ಳಲ್ಲ. ನಮ್ಮವ್ವನ ಮಾತು ಸುಳ್ಳಲ್ಲ. ಸಾಕಮ್ಮತ್ತೆ ಅಂದಿದ್ದೂ ಸುಳ್ಳಲ್ಲ. ಎಲ್ಲಾ ನಿಜ ಆದ್ರೆ ನಾನು ಯಾವುದನ್ನ ಹಾಡ್ಲಿ?”

“ಅವ್ವ ಮಾತಾಡಿದ್ರಾ?”

“ಆಡ್ತಾವ್ರೆ. ಇವತ್ತು ತಲೆ ಬಾಚಿದ್ರು. ಆದ್ರೆ ತಲೆ ಒಳಗೆಲ್ಲ ಗೋಜಲಾಗೈತೆ ಗುರುಗಳೇ. ಮುಂಚೆ ಎಲ್ಲ ಎಷ್ಟು ಸಲೀಸಾಗಿ ಗೊತ್ತಿತ್ತು ನಂಗೆ!”

ಚನ್ನಂಜಯ್ಯ ಅಂಗಿ ಒಗೆದಿದ್ದ ಡಬ್ಬ ತಂದ್ರು. ಒರೆಸಿ, ಬೋರಲು ಹಾಕಿ, ಅವಳ ಮುಂದಿಟ್ರು.

“ನಾಳೆ ಮೈದಾನಕ್ಕೆ ಹೋಗು. ಇದನ್ನ ತಗೊಂಡೋಗು.”

“ಹಾಡ್ಲಾ?”

“ನಿನ್ನ ಸರದಿ ಆಯ್ತಲ್ಲ. ಯಾರದು ಬಾಕಿ?”

“ಸಾಕಮ್ಮತ್ತೇದು. ಆದ್ರೆ ಅವ್ರು ಬರಕಿಲ್ಲ ಗುರುಗಳೇ, ಬಾಯಿ ಬಿಟ್ಟು ಹೇಳವ್ರೆ.”

“ತಾಳ ಹಾಕು.”

“ಅಷ್ಟು ಜನದ ಮುಂದೆ, ಹಾಡೋರೇ ಇಲ್ದೆ, ಬರೀ ಡಬ್ಬ ಬಡೀತಾ ಕೂತ್ಕೊಳ್ಲಾ? ನಗ್ತಾರೆ. ಕೂಗ್ತಾರೆ. ಬಾಯಿಗೆ ಬಂದಂಗೆ ಬೈತಾರೆ!”

“ಬೈಲಿ. ಅವ್ರಿಗೂ ತಾಳ ಬೇಕಲ್ಲ.”

ಪದ್ಮಿಗೆ ಅಳು ಬಂತು, ನಗೂನೂ ಬಂತು, ಎರಡೂ ಒಟ್ಟಿಗೆ ಬಂತು.

“ಎಷ್ಟೊತ್ತು ಗುರುಗಳೇ? ಎಲ್ಲೀಗಂಟ ಹಾಕ್ಲಿ?”

ಅದಕ್ಕೆ ಗುರುಗಳು... ತಡಿ, ತಡಿ. ಬಾಗಿಲಿಗೆ ಯಾರೋ ಬಂದ್ರು. ಪೊರಕೆ ಗೋಡೆಗೆ ಒರಗಿಸಿದ ಸದ್ದು ಕೇಳ್ತಾ? ಸಾಕಮ್ಮ ಕಣೇ. ನಮ್ಮನೆಗೆ ಬತ್ತಾವ್ಳೆ, ನೀರಿಗೆ. ಬಾಯಿ ಮುಚ್ಕೋ, ಏನೂ ಗೊತ್ತಿಲ್ದಂಗಿರು. ಇಲ್ಲಿ ಬಗ್ಗು, ಕಿವೀಲಿ ಹೇಳ್ತೀನಿ. ಗುರುಗಳು ಅಂದಿದ್ದು ಇಷ್ಟೇ:

“ಆಯಮ್ಮ ಬರೋಗಂಟ. ಕೈ ಮಾತ್ರ ಓಡಕೂಡದು.”